ಎಕ್ಕದ ಗಿಡದ ಸವತಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಂಜನಗೂಡಿನ ಕೋರ್ಟಿನ ಮುಂದೆ ಒಂದು ದಿನವೂ ಕೂತವನಲ್ಲ. ನಾನು ಕೂತಿದ್ದೇನೆ. ಅಲ್ಲಿ ಹೊಂಗೆ ಮರದ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಕನ್ನಡ ಟೈಪ್‌ರೈಟರು, ಅದರ ಹಿಂದೆ ಸರ್ವಮಂಗಳಾ ಎಂಬ ನಾನು. ಜೀವನಾಂಶ, ವಿಚ್ಛೇದನ, ಮಗು ಯಾರ ಹತ್ತಿರ ಇರಬೇಕು, ಒಡವೆ ಯಾರ ಪೆಟ್ಟಿಗೆಯಲ್ಲಿದೆ, ಇವೆಲ್ಲ ಮೊದಲು ನನ್ನ ಮೇಜಿಗೆ ಬಂದು, ಆಮೇಲೆ ಮೈಸೂರಿನ ಕುಟುಂಬ ನ್ಯಾಯಾಲಯಕ್ಕೆ ಬಸ್ಸು ಹತ್ತುತ್ತಿದ್ದವು. ಮಂಗಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ವಕೀಲರೆಲ್ಲ ಆಡಿಕೊಳ್ಳುತ್ತಿದ್ದರು. ಹಗಲೆಲ್ಲ ಊರವರ ಸಂಸಾರದ ರಾಡಿಯನ್ನು ಕಾರ್ಬನ್ ಹಾಳೆ ಇಟ್ಟು ಪ್ರತಿ ತೆಗೆಯುವವಳಿಗೆ ಸಿಟ್ಟು ಇನ್ನೆಲ್ಲಿರಬೇಕು, ಕಾಲಿನ ಬೆರಳಿನಲ್ಲಿಯೇ?

ಆದರೆ ಎರಡು ಸಾವಿರದ ಮೂರನೇ ಇಸವಿಯಲ್ಲಿ ಒಂದು ಪ್ರಮಾಣಪತ್ರವನ್ನು ನಗುನಗುತ್ತಾ ಟೈಪು ಮಾಡಿದೆ. ಅದು ದೇವನೂರಿನ ಗುರುಸಿದ್ದಮ್ಮನದು.

ಐವತ್ತು ದಾಟಿದ, ಎತ್ತರದ ಆಳು ಗುರುಸಿದ್ದಮ್ಮ. ಮೆಲ್ಲಗೆ ಮಾತಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಗುಟ್ಟು ಹೇಳುತ್ತೇನೆ ಎಂದು ಕಿವಿಯ ಹತ್ತಿರ ಬಗ್ಗಿದರೂ ರಸ್ತೆಯಾಚೆಯ ಟೀ ಅಂಗಡಿಯವನು ತಿರುಗಿ ನೋಡುತ್ತಿದ್ದ. ಯಾವ ಮಾತನ್ನಾದರೂ ಮೊದಲು ನಕ್ಕು ಆಮೇಲೆ ಹೇಳುವ ಅಭ್ಯಾಸ ಬೇರೆ. ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಅಡಿಗೆಗೆ ನಿಂತರೆ ಪಾಯಸಕ್ಕೆ ಬೆಲ್ಲ ಕೈಯಳತೆಯಲ್ಲೇ ಹಾಕುತ್ತಿದ್ದಳಂತೆ. ಅವಳ ಹಿಂದೆ ಕೊಡೆ ಹಿಡಿದುಕೊಂಡು ಬರುತ್ತಿದ್ದವನು ಗಂಡ ಪುಟ್ಟಸ್ವಾಮಿ. ನೀರಾವರಿ ಇಲಾಖೆಯಲ್ಲಿ ನಾಲೆಯ ತೂಬು ತೆಗೆದು ಮುಚ್ಚುವ ಸೌಡಿ. ಮನೆಯ ಮಾತಿನ ಪಾಲೆಲ್ಲ ಹೆಂಡತಿಗೇ ಹೋದದ್ದರಿಂದ ಅವನಿಗೆ ಬರೀ ಹೂಂ, ಉಹೂಂ ಉಳಿದಿದ್ದವು.

ಪುಟ್ಟಸ್ವಾಮಿಗೆ ನಿವೃತ್ತಿ ಹತ್ತಿರ ಬಂದಿತ್ತು. ಗುರುಸಿದ್ದಮ್ಮ ಅವನ ಮದುವೆಯಾದ ಹೆಂಡತಿಯೇ ಅಲ್ಲ, ಬೇರೆ ಮೊದಲನೆಯವಳಿದ್ದಾಳೆ ಎಂದು ಯಾರೋ ಅವನ ಕಚೇರಿಗೆ ಒಂದು ಮೂಗರ್ಜಿ ಬರೆದರು. ಬರೆದವರು ಯಾರೋ ದೇವರಿಗೇ ಗೊತ್ತು. ಹೆಂಡತಿ ಎಂದು ಕೋರ್ಟಿನಿಂದ ಬರೆಸಿಕೊಂಡು ಬಾ, ಆಮೇಲೆ ಪಿಂಚಣಿಯ ಕಾಗದದಲ್ಲಿ ಅವಳ ಹೆಸರು ಸೇರಿಸೋಣ ಎಂದು ಕಚೇರಿಯವರು ಹೇಳಿದರು. ಗಂಡ ಹೆಂಡಿರಿಬ್ಬರೂ ಬಂದು ವಕೀಲ ಗಂಗಾಧರಸ್ವಾಮಿಯವರನ್ನು ಹಿಡಿದರು. ಅವರು ಒಳ್ಳೆಯವರು, ಆದರೆ ಆತುರಗಾರರು. ಹಳೆಯ ಕೇಸಿನದೊಂದು ಪ್ರತಿಯನ್ನು ನನಗೆ ಕೊಟ್ಟು, ಹೆಸರು, ಊರು ಬದಲಾಯಿಸಿ ಹೊಡೆದುಬಿಡಮ್ಮ ಎಂದರು.

ಹೊಡೆದೆ. ಟೈಪು ಮಾಡಿದ್ದನ್ನು ರುಜುವಿಗೆ ಮುಂಚೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಪದ್ಧತಿ. ಹಾಗೇ ಓದಿದೆ. 'ಗುರುಹಿರಿಯರ ಸಮ್ಮುಖದಲ್ಲಿ, ಮಂಗಳವಾದ್ಯಗಳೊಂದಿಗೆ, ಅಗ್ನಿಸಾಕ್ಷಿಯಾಗಿ ಸಪ್ತಪದಿ ತುಳಿದು, ಧಾರಾಪೂರ್ವಕವಾಗಿ ನಮ್ಮ ವಿವಾಹವು ನೆರವೇರಿತು ಎಂದು ಸತ್ಯಪ್ರಮಾಣ ಮಾಡಿ ಹೇಳುತ್ತೇನೆ.' ಗುರುಸಿದ್ದಮ್ಮ ಕಣ್ಣು ಮುಚ್ಚಿ ಕೇಳಿದಳು. ಮುಖವೆಲ್ಲ ಅರಳಿತ್ತು.

"ಇನ್ನೊಂದ್ಸಲ ಓದವ್ವ," ಎಂದಳು.

ಓದಿದೆ.

"ಶಾನೆ ಚಂದಾಗದೆ," ಎಂದಳು. "ವಾಲಗ, ಧಾರೆ, ಎಲ್ಲಾ ಅದೆ. ಯಾರ್ದವ್ವ ಈ ಮದ್ವೆ?"

"ನಿಮ್ಮದೇ ಅಕ್ಕ."

"ನಂದಲ್ಲ ಕಣವ್ವ," ಎಂದು ನಕ್ಕಳು. "ಇಷ್ಟ್ ಚಂದಾಗಿ ನಡ್ದಿದ್ರೆ ನಾನ್ಯಾಕೆ ಕೋರ್ಟಿಗೆ ಬತ್ತಿದ್ದೆ? ಇದುಕ್ಕೆ ನಾನು ರುಜು ಆಕಾಕಿಲ್ಲ."

ಮೂರು ಪ್ರತಿ ದಂಡವಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಾಮಾನ್ಯವಾಗಿ ಜನ ನನ್ನ ಮೇಜಿಗೆ ಬಂದು ಇಲ್ಲದ್ದನ್ನು ಸೇರಿಸು ಎಂದು ಗೋಗರೆಯುತ್ತಾರೆ. ಇರುವುದಕ್ಕಿಂತ ಒಳ್ಳೆಯದನ್ನು ಬರೆದುಕೊಟ್ಟರೆ ಬೇಡ ಎಂದವಳು ಇವಳೊಬ್ಬಳೇ. ಹಾಳೆಗಳನ್ನು ಎತ್ತಿಕೊಂಡು ಇಬ್ಬರನ್ನೂ ವಕೀಲರ ಕೋಣೆಗೆ ಕರೆದುಕೊಂಡು ಹೋದೆ.

ಗಂಗಾಧರಸ್ವಾಮಿಯವರು ಪುಟ್ಟಸ್ವಾಮಿಯ ಕಡೆ ತಿರುಗಿದರು. "ನೋಡಪ್ಪ, ಇರೋದನ್ನ ಇದ್ದ ಹಾಗೆ ಹೇಳು. ಮೂಗರ್ಜಿಯಲ್ಲಿ ನಿನಗೆ ಮೊದಲನೇ ಹೆಂಡತಿ ಇದ್ದಾಳೆ ಅಂತ ಬರೆದಿದ್ದಾರೆ. ಅದು ಸುಳ್ಳು ತಾನೆ?"

ಪುಟ್ಟಸ್ವಾಮಿ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ. "ಸುಳ್ಳಲ್ಲ ಸಾ. ಒಂದ್ ಮದ್ವೆ ಆಗಿತ್ತು."

ವಕೀಲರು ಪೆನ್ನು ಕೆಳಗಿಟ್ಟರು. ನಾನು ಗುರುಸಿದ್ದಮ್ಮನ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ.

"ಧಾರೆ ಎರೆದು ಆದ ಮದುವೆಯೇನಯ್ಯಾ?"

"ಊಂ ಸಾ. ವಾಲಗನೂ ಇತ್ತು."

"ಆಕೆ ಈಗ ಎಲ್ಲಿದ್ದಾಳೆ?"

"ನರಸೀಪುರದ್ ಕಡೆ, ಬೇಲಿ ವಾರೇಲಿ ಇತ್ತು ಸಾ. ರೋಡು ಅಗ್ಲ ಮಾಡ್ವಾಗ ಕಿತ್ತಾಕ್ಬುಟ್ರು."

"ಕಿತ್ತು ಹಾಕಿದರೇ?"

ಅಷ್ಟು ಹೊತ್ತು ತಡೆದುಕೊಂಡಿದ್ದ ಗುರುಸಿದ್ದಮ್ಮನ ನಗು ಸೆರಗಿನಾಚೆ ನುಗ್ಗಿತು. "ಎಕ್ಕದ್ ಗಿಡ ಕಣ್ ಸಾ ನನ್ ಸವ್ತಿ," ಎಂದಳು.

ಆಮೇಲೆ ಕಥೆ ಬಿಚ್ಚಿಕೊಂಡಿತು. ಗುರುಸಿದ್ದಮ್ಮನ ತವರು ತಿರುಮಕೂಡಲು ನರಸೀಪುರದ ಹತ್ತಿರದ ಹಳ್ಳಿ. ಚಿಕ್ಕ ವಯಸ್ಸಿನಲ್ಲೇ ಕೊಟ್ಟರು, ವರ್ಷ ತಿರುಗುವ ಮುಂಚೆ ಗಂಡ ಜ್ವರದಲ್ಲಿ ತೀರಿಕೊಂಡ. ತವರಿಗೆ ವಾಪಸು ಬಂದು ಅಪ್ಪನ ಗದ್ದೆಯಲ್ಲಿ ದುಡಿಯುತ್ತಿದ್ದಳು. ಗದ್ದೆ ನಾಲೆಯ ಕೊನೆಯಲ್ಲಿತ್ತು, ನೀರು ಹತ್ತುತ್ತಿರಲಿಲ್ಲ. ಹೊಸದಾಗಿ ಬಂದ ಸೌಡಿಯನ್ನು ನಾಲೆಯ ಈ ದಡದಲ್ಲಿ ನಿಂತು ಬೈದಳು. ಅವನು ಆ ದಡದಲ್ಲಿದ್ದ. ಮಾರನೆಯ ದಿನ ನೀರು ಬಂತು. ಅದರ ಮಾರನೆಯ ದಿನ ನೀರು ಬಂದಿದೆಯೋ ಇಲ್ಲವೋ ಎಂದು ಕೇಳಲು ಸೌಡಿಯೇ ಬಂದ. ನೀರು ತುಂಬಿ ತುಳುಕುತ್ತಿದ್ದ ಗದ್ದೆಯ ಬದುವಿನ ಮೇಲೆ ನಿಂತು, ನೀರು ಬಂತಾ ಎಂದು ಕೇಳಿದನಂತೆ.

"ಆ ಗಂಟ್ಲು ಕೇಳ್ದೆ ಸಾ," ಎಂದ ಪುಟ್ಟಸ್ವಾಮಿ, ತಾನಾಗಿಯೇ. "ಅಷ್ಟೇಯ."

ಇಷ್ಟಪಟ್ಟದ್ದೇನೋ ಆಯಿತು, ಕಟ್ಟಿಕೊಳ್ಳುವುದು ಹೇಗೆ? ಗಂಡ ಸತ್ತವಳಿಗೆ ಮತ್ತೆ ಧಾರೆ ಎರೆಯುವ ಹಾಗಿರಲಿಲ್ಲ. ಅಂಥವಳಿಗೆ ಇದ್ದದ್ದು ಉಡಿಕೆ. ಕುಲದ ಯಜಮಾನರ ಮುಂದೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ಇವಳು ಇನ್ನು ನಿನ್ನ ಹೆಂಡತಿ ಎಂದು ಒಪ್ಪಿಸುವುದು. ದೀಪ ಹಚ್ಚಿದ ಮೇಲೆ, ವಾಲಗವಿಲ್ಲದೆ, ಮುತ್ತೈದೆಯರು ಯಾರೂ ನೋಡದ ಹಾಗೆ. ಅದಕ್ಕೂ ಒಂದು ತೊಡಕಿತ್ತು. ಮದುವೆಯಾಗದ ಗಂಡಿಗೆ ಉಡಿಕೆ ಕೂಡದು, ಅವನಿಗೆ ಮೊದಲು ಒಂದು ಧಾರೆಯಾಗಿರಬೇಕು. ಉಡಿಕೆ ಮಾಡಿಕೊಳ್ಳಲು ಹೊರಟವನಿಗೆ ಹೆಣ್ಣು ಕೊಡುವ ಮಹಾರಾಯ ಯಾರು? ಅದಕ್ಕೇ ಎಕ್ಕದ ಗಿಡ. ಬೇಲಿಯ ಪಕ್ಕದ ಗಿಡಕ್ಕೆ ಅರಿಸಿನದ ದಾರ ಕಟ್ಟಿ, ಪುಟ್ಟಸ್ವಾಮಿಯನ್ನು ಎದುರು ನಿಲ್ಲಿಸಿ, ವಾಲಗ ಊದಿಸಿ ಧಾರೆ ಎರೆದರು. ಅವತ್ತೇ ಸಂಜೆ ಉಡಿಕೆ. ಎರಡನ್ನೂ ನಿಂತು ಮಾಡಿಸಿದವರು ಆ ಊರಿನ ಯಜಮಾನ ಬಸವಯ್ಯ.

"ಗಿಡುಕ್ಕೂ ಧಾರೆ ಎರ್ದ್ರು ಸಾ, ನಂಗೆ ಎರೀನಿಲ್ಲ," ಎಂದಳು ಗುರುಸಿದ್ದಮ್ಮ. ನಗುತ್ತಲೇ ಅಂದಳು, ಆದರೆ ಕಣ್ಣಿನಲ್ಲಿ ನೀರು ನಿಂತಿತ್ತು.

ಗಂಗಾಧರಸ್ವಾಮಿಯವರು ಕುರ್ಚಿಗೆ ಒರಗಿ ಬಹಳ ಹೊತ್ತು ನಕ್ಕರು. ಆಮೇಲೆ ನಾನು ಕೊಟ್ಟ ಹಾಳೆಗಳನ್ನು ಅವರೇ ಹರಿದರು. "ನೀವು ರುಜು ಹಾಕದೆ ಇದ್ದದ್ದು ಒಳ್ಳೆಯದಾಯಿತು ತಾಯಿ. ಕುಲದ ಪದ್ಧತಿಯಂತೆ ಆದದ್ದನ್ನು ಕೋರ್ಟು ಒಪ್ಪುತ್ತದೆ. ಆದರೆ ಹಾಗೊಂದು ಪದ್ಧತಿ ಇತ್ತು, ಅದೂ ಮದುವೆಯೇ ಎಂದು ತಿಳಿದವರೊಬ್ಬರು ಪ್ರಮಾಣ ಮಾಡಬೇಕು. ಆ ಬಸವಯ್ಯನವರು ಇದ್ದಾರೆಯೇ?"

"ಅವ್ರೆ ಸಾ, ಕಲ್ಲುಗುಂಡಿನಂಗವ್ರೆ," ಎಂದ ಪುಟ್ಟಸ್ವಾಮಿ.

ಮರದ ಕೆಳಗೆ ವಾಪಸು ಬಂದು ಹೊಸ ಪ್ರಮಾಣಪತ್ರ ಶುರು ಮಾಡಿದೆ. ಈ ಸಲ ಅವಳು ಹೇಳಿದ್ದು, ನಾನು ಹೊಡೆದದ್ದು. ನಾಲೆಯ ಜಗಳವೂ ಬೇಕು ಎಂದಳು, ಕೋರ್ಟಿಗೆ ಅದು ಬೇಡ ಅಕ್ಕ ಎಂದೆ. ಅದಿಲ್ಲದೆ ಮದುವೆ ಹೇಗಾಯಿತು ಅಂತ ಜಡ್ಜಿಗೆ ಹೇಗೆ ಗೊತ್ತಾಗಬೇಕು ಎಂದು ಹಟ ಹಿಡಿದಳು. ಕೊನೆಗೆ 'ನಾಲೆಯ ನೀರಿನ ವಿಷಯವಾಗಿ ನಮಗೆ ಪರಿಚಯವಾಯಿತು' ಎಂದು ಒಂದು ಸಾಲಿಗೆ ಒಪ್ಪಂದವಾಯಿತು. ಎಕ್ಕದ ಗಿಡಕ್ಕೂ ಒಂದು ಸಾಲು ಕೊಟ್ಟೆವು. ಅಷ್ಟು ವರ್ಷದಲ್ಲಿ ಒಂದು ಗಿಡವನ್ನು ಹೆಂಡತಿ ಎಂದು ಟೈಪು ಮಾಡಿದ್ದು ಅದೇ ಮೊದಲು.

ನಡುವೆ ಅವಳು ಇನ್ನೊಂದು ವಿಷಯ ಹೇಳಿದಳು. ಉಡಿಕೆಯಾದವಳು ಯಾರ ಮದುವೆಯಲ್ಲೂ ಹಸೆಮಣೆಯ ಹತ್ತಿರ ಬರುವ ಹಾಗಿಲ್ಲ. ಆರತಿ ಎತ್ತುವ ಹಾಗಿಲ್ಲ, ಅಕ್ಷತೆ ಹಾಕುವ ಹಾಗಿಲ್ಲ. ಅದಕ್ಕೇ ಅವಳು ಅಡಿಗೆಮನೆ ಹಿಡಿದದ್ದು. ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲವಲ್ಲ. ಹರಕೆ ಹೊತ್ತು ಹೊತ್ತು ತಡವಾಗಿ ಹುಟ್ಟಿದವಳು ಒಬ್ಬಳೇ ಮಗಳು, ಆಶಾರಾಣಿ. ಅವಳ ಮದುವೆ ಆ ವೈಶಾಖಕ್ಕೆ ಗೊತ್ತಾಗಿತ್ತು. ಗಂಡು ನರಸೀಪುರದವನು, ಮದುವೆಯೂ ಅಲ್ಲಿನ ಛತ್ರದಲ್ಲೇ. ಧಾರೆ ಎರೆಯುವುದು ಮಾತ್ರ ಹೆತ್ತವಳಲ್ಲ, ಪುಟ್ಟಸ್ವಾಮಿಯ ಅಣ್ಣ ಮತ್ತು ಅತ್ತಿಗೆ ಎಂದು ಹಿರಿಯರು ತೀರ್ಮಾನಿಸಿದ್ದರು.

"ಪಿಂಚಣಿ ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ," ಎಂದಳು. "ನನ್ ಕೂಸಿನ ಕೈ ಮ್ಯಾಲೆ ನಾನು ಹಾಲು ಬುಡ್ಬೇಕು ಮಂಗಳವ್ವ. ಅದೊಂದು ಆದ್ರೆ ಸಾಕು."

ಊರಿನ ಮದುವೆಗಳ ಪಾಯಸಕ್ಕೆಲ್ಲ ಅವಳ ಕೈ ಬೇಕು, ಸ್ವಂತ ಮಗಳ ಧಾರೆಗೆ ಬೇಡ. ಇದು ಯಾವ ಸೀಮೆಯ ನ್ಯಾಯ?

ಒಂದು ವಾರದ ನಂತರ ಬಸವಯ್ಯ ಬಂದರು. ನರಸೀಪುರದ ಬಸ್ಸಿನಿಂದ ಇಳಿದು, ಕಪಿಲೆಯಲ್ಲಿ ಕೈಕಾಲು ತೊಳೆದು, ನಂಜುಂಡೇಶ್ವರನಿಗೆ ಕೈ ಮುಗಿದು, ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಬಂದು ನನ್ನ ಮುಂದೆ ಬೆಂಚಿನ ಮೇಲೆ ನೆಟ್ಟಗೆ ಕೂತರು. ಮುದುಕರು, ಮಿತಭಾಷಿ. ಎಂದೂ ಸುಳ್ಳು ಆಣೆ ಇಟ್ಟವರಲ್ಲ ಎಂದು ಹೆಸರು. ಉಡಿಕೆಗೆ ಊರೆಲ್ಲ ಗೊಣಗಿದಾಗ ಗಟ್ಟಿಯಾಗಿ ನಿಂತು ಮಾಡಿಸಿದವರು ಅವರೇ. ಅದಾದ ಮೇಲೆ ಗುರುಸಿದ್ದಮ್ಮ ಹಸೆಮಣೆಯ ಹತ್ತಿರ ಸುಳಿಯದಂತೆ ನೋಡಿಕೊಂಡವರೂ ಅವರೇ. ಎರಡೂ ಪದ್ಧತಿ, ಎರಡನ್ನೂ ನಡೆಸಿದ್ದರು.

ವಕೀಲರು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದರು, ನಾನು ಹೊಡೆದೆ, ಆಮೇಲೆ ಓದಿದೆ. ಎಕ್ಕದ ಗಿಡದ ಧಾರೆ ದಿಟವೇ? ಹೂಂ. ಉಡಿಕೆ ದಿಟವೇ? ಹೂಂ. ಸೀರೆ, ಬಳೆ, ಹಿರಿಯರ ಒಪ್ಪಿಗೆ? ಹೂಂ, ಹೂಂ, ಹೂಂ. ಕೊನೆಯ ಸಾಲಿಗೆ ಬಂದೆ. 'ನಮ್ಮ ಕುಲದಲ್ಲಿ ಉಡಿಕೆಯೂ ಮದುವೆಯೇ. ಉಡಿಕೆಯಾದ ಹೆಂಡತಿಗೂ ಧಾರೆಯಾದ ಹೆಂಡತಿಗೂ ಯಾವ ವಿಷಯದಲ್ಲೂ ವ್ಯತ್ಯಾಸವಿರುವುದಿಲ್ಲ.'

ಬಸವಯ್ಯ ಹೂಂ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಗುರುಸಿದ್ದಮ್ಮ ಕೇಳಿದಳು. "ಅಂಗಾರೆ ಅಣ್ಣಯ್ಯ, ನನ್ ಮಗಳ ಧಾರೆ ನಾನೇ ಎರೀಬೌದಾ?"

ಟೀ ಅಂಗಡಿಯವನೂ ಲೋಟ ತೊಳೆಯುವುದನ್ನು ನಿಲ್ಲಿಸಿದ.

"ಅದೇ ಬ್ಯಾರೆ, ಇದೇ ಬ್ಯಾರೆ ಕಣವ್ವ," ಎಂದರು ಬಸವಯ್ಯ.

ನನಗೆ ರೇಗಿತು. "ಬೇರೆ ಇದ್ದರೆ ಈ ಸಾಲು ಹೊಡೆದು ಹಾಕುತ್ತೇನೆ ಯಜಮಾನರೇ. ಹಾಕಲಾ?" ಎಂದೆ.

"ಆ ಸಾಲು ಹೋದರೆ ಕೇಸಿನಲ್ಲಿ ಏನೂ ಉಳಿಯುವುದಿಲ್ಲ," ಎಂದರು ವಕೀಲರು. "ವ್ಯತ್ಯಾಸ ಇದೆ ಎಂದಾದರೆ ಹೆಂಡತಿ ಅಲ್ಲ ಅಂತಲೇ ಕಚೇರಿಯವರು ಹೇಳುತ್ತಾರೆ."

ನಾನು ಇನ್ನೂ ನಾಲ್ಕು ಮಾತು ಆಡುವವಳಿದ್ದೆ, ಗುರುಸಿದ್ದಮ್ಮ ನನ್ನ ಕೈ ಅದುಮಿದಳು. "ನಂಗೋಸ್ಕರ ಸುಳ್ಳು ಆಣೆ ಮಾಡ್ಬ್ಯಾಡಿ ಅಣ್ಣಯ್ಯ," ಎಂದಳು. "ನಿಮ್ಗೆ ದಿಟ ಅನ್ಸುದ್ರೆ ರುಜು ಆಕಿ. ಇಲ್ದಿದ್ರೆ ಮಂಗಳವ್ವ ಆ ಸಾಲು ತಗೀತಾಳೆ. ನಾನು ನೀವು ಉಡ್ಸಿದ ಸೀರೇಲೇ ಇಷ್ಟು ದಿನ ಬದುಕಿವ್ನಿ, ಇನ್ನೂ ಬದುಕ್ತೀನಿ."

ಬಸವಯ್ಯ ಎದ್ದು ನದಿಯ ಕಡೆ ಹೋದರು. ಹೋದವರು ಬಸ್ಸು ಹತ್ತಿಬಿಟ್ಟರೋ ಏನೋ ಎಂದು ನನಗೆ ಭಯ. ಪುಟ್ಟಸ್ವಾಮಿ ಹಿಂದೆ ಹೋಗಿ ಇಣುಕಿ ಬಂದು, ಸ್ನಾನಘಟ್ಟದ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾರೆ ಎಂದ. ಗುರುಸಿದ್ದಮ್ಮ ಬುತ್ತಿ ಬಿಚ್ಚಿ ನನಗೂ ವಕೀಲರಿಗೂ ಒತ್ತುಶ್ಯಾವಿಗೆ ಕೊಟ್ಟಳು. ತಾನು ತಿನ್ನಲಿಲ್ಲ. ಅವಳು ಮಾತಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಊಟದ ಹೊತ್ತು ಮೀರಿದ ಮೇಲೆ ಬಸವಯ್ಯ ಬಂದರು. ಇನ್ನೊಂದು ಸಲ ಪೂರ್ತಿ ಓದು ಎಂದರು. ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿಸಿದರು.

"ಸೀರೆ ಉಡ್ಸಿ ಕೊಡ್ಸಿದೋನು ನಾನೇಯ," ಎಂದರು, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. "ಮದ್ವೆ ಅಂತ್ಲೇ ಮಾಡ್ಸುದ್ದು. ಅರ್ಧ ಮದ್ವೆ ಅಂತ ಮಾಡ್ಸ್ನಿಲ್ಲ. ಇರ್ಲಿ, ಆ ಸಾಲು ಅಂಗೇ ಇರ್ಲಿ."

ನೋಟರಿಯವರ ಮುಂದೆ ನಿಂತು ನಿಧಾನಕ್ಕೆ, ಒಂದೊಂದು ಅಕ್ಷರ ಕೆತ್ತಿದ ಹಾಗೆ ರುಜು ಹಾಕಿದರು. ಧಾರೆಯ ಮಾತು ಕೇಳೋಣ ಎಂದರೆ, "ಮದ್ವೆಗೆ ಬತ್ತೀನಿ," ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರಲ್ಲ ಎಂದು ನಾನು ಗೊಣಗಿದೆ.

ಕೇಸು ಮುಗಿಯಲು ಮತ್ತಷ್ಟು ತಿಂಗಳು ಹಿಡಿಯಿತು. ಗೆದ್ದರು ಎಂದು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಹೇಳಬೇಕಾದದ್ದು ಅದಲ್ಲ. ತೀರ್ಪಿಗೆ ಮುಂಚೆಯೇ ವೈಶಾಖ ಬಂತು, ಮದುವೆ ಬಂತು. ಅವತ್ತು ಟೈಪ್‌ರೈಟರಿಗೆ ಮುಸುಕು ಹಾಕಿ, ರೇಷ್ಮೆ ಸೀರೆ ಉಟ್ಟು, ನರಸೀಪುರದ ಬಸ್ಸು ಹತ್ತಿದೆ.

ಛತ್ರದ ತುಂಬ ಜನ. ಗುರುಸಿದ್ದಮ್ಮನನ್ನು ಹುಡುಕಿದರೆ ಅಡಿಗೆಮನೆಯಲ್ಲಿ ಪಾಯಸದ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತಿದ್ದಾಳೆ. ಮಾಸಿದ ಸೀರೆ, ಕೈಯೆಲ್ಲ ಬೆಲ್ಲದ ಅಂಟು.

"ಇದೇನಕ್ಕ, ಮುಹೂರ್ತ ಹತ್ತಿರ ಬಂತು, ಸೀರೆನಾದರೂ ಬದಲಾಯಿಸಬಾರದೇ?" ಎಂದೆ.

"ಕರುದ್ರೆ ಬದಲಾಯಿಸ್ತೀನಿ ಬುಡು. ಕರೀದಿದ್ರೆ ಪಾಯ್ಸ ತಳ ಹಿಡೀತದೆ," ಎಂದಳು. ನಗುತ್ತಿದ್ದಳು, ಆದರೆ ಸೌಟು ಒಂದೇ ಕಡೆ ಆಡುತ್ತಿತ್ತು.

ಹೊರಗೆ ಶಾಸ್ತ್ರ ಮಾಡಿಸುವ ಅಯ್ಯನವರು ಹೆಣ್ಣಿನ ತಂದೆ ತಾಯಿ ಬನ್ನಿ ಎಂದು ಕೂಗಿದರು. ಬಾಗಿಲಲ್ಲಿ ನಿಂತು ನೋಡಿದೆ. ಪುಟ್ಟಸ್ವಾಮಿಯ ಅಣ್ಣ ಅತ್ತಿಗೆ ಎದ್ದರು. ಹಸೆಮಣೆಯ ಮೇಲಿದ್ದ ಆಶಾರಾಣಿ ತಲೆಯೆತ್ತಿ ಅಡಿಗೆಮನೆಯ ಕಡೆಗೇ ನೋಡುತ್ತಿದ್ದಳು. ಪುಟ್ಟಸ್ವಾಮಿ ಮಾತ್ರ ಕಂಬ ಹಿಡಿದುಕೊಂಡು ಕದಲದೆ ನಿಂತಿದ್ದ. ನೀನೂ ಪಕ್ಕದಲ್ಲಿ ನಿಲ್ಲು ಎಂದು ಜನ ಕೈ ಹಿಡಿದು ಎಳೆದರೂ ಬರಲಿಲ್ಲ. ಉಹೂಂ ಎನ್ನುವುದು ಅವನಿಗೆ ಚೆನ್ನಾಗಿ ಬರುತ್ತಿತ್ತಲ್ಲ.

ಆಗ ಮುಂದಿನ ಸಾಲಿನಿಂದ ಬಸವಯ್ಯ ಎದ್ದರು. ಊರುಗೋಲು ಊರಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಅಡಿಗೆಮನೆಯ ಬಾಗಿಲಿಗೇ ಬಂದರು.

"ಗುರುಸಿದ್ದವ್ವ, ಎದ್ ಬಾ. ಮಗ್ಳು ಕಾಯ್ತಾವ್ಳೆ."

"ಯಜಮಾನ್ರೆ, ಪದ್ಧತಿ?" ಎಂದರು ಹಿಂದಿನಿಂದ ಯಾರೋ.

"ಪದ್ಧತಿ ಏನು ಅಂತ ನಂಜುಂಡಪ್ಪನ ಸನ್ನಿಧಾನದಲ್ಲಿ ರುಜು ಆಕಿ ಬಂದಿವ್ನಿ," ಎಂದರು ಬಸವಯ್ಯ. "ಅನುಮಾನ ಇದ್ರೆ ಈಯಮ್ಮ ಇಲ್ಲೇ ಅವ್ಳೆ, ಓದಿ ಯೋಳ್ತಾಳೆ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಹತ್ತಿರ ಹಾಳೆ ಇರಲಿಲ್ಲ, ಆದರೆ ಆ ಸಾಲು ಬಾಯಿಗೇ ಬರುತ್ತಿತ್ತು. ಅಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ, ಯಾವ ವಿಷಯದಲ್ಲೂ ವ್ಯತ್ಯಾಸವಿರುವುದಿಲ್ಲ ಎಂದು. ಪುಟ್ಟಸ್ವಾಮಿಯ ಅತ್ತಿಗೆ ಧಾರೆಯ ಹಾಲಿನ ಗಿಂಡಿಯನ್ನು ತಾನೇ ತಂದು ಗುರುಸಿದ್ದಮ್ಮನ ಕೈಗೆ ಕೊಟ್ಟಳು. ಸೀರೆ ಬದಲಾಯಿಸಲು ಹೊತ್ತಿರಲಿಲ್ಲ. ಬೆಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಹಸೆಮಣೆಯ ಮುಂದೆ ಬಂದು ಗಂಡನ ಪಕ್ಕ ನಿಂತಳು.

ವಾಲಗ ಜೋರಾಯಿತು. ಪುಟ್ಟಸ್ವಾಮಿ ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಹಿಡಿದ. ಗುರುಸಿದ್ದಮ್ಮ ಗಿಂಡಿ ಬಾಗಿಸಿದಳು. ಹಾಲು ಮಗಳ ಕೈ ಮೇಲೆ ಬಿತ್ತು, ಗಂಡನ ಕೈ ಮೇಲೂ ಬಿತ್ತು. ಆಶಾರಾಣಿ ಅಳುತ್ತಾ ನಗುತ್ತಿದ್ದಳು. ಬಾಗಿಲಲ್ಲಿ ನಿಂತ ನನಗೂ ಕಣ್ಣು ಮಂಜಾಗಿತ್ತು, ಯಾಕೆ ಸುಳ್ಳು ಹೇಳಲಿ. ಮಂತ್ರ ಮುಗಿಯಿತು, ಅವಳ ಕೈ ಇಳಿಯಲಿಲ್ಲ.

"ಸಾಕು ತಾಯಿ, ಧಾರೆ ಆಯಿತು," ಎಂದರು ಅಯ್ಯನವರು.

ಗುರುಸಿದ್ದಮ್ಮ ಪುಟ್ಟಸ್ವಾಮಿಯ ಮುಖವನ್ನೊಮ್ಮೆ ನೋಡಿದಳು. ಮೆಲ್ಲಗೇ ಹೇಳಿದೆ ಎಂದುಕೊಂಡಿರಬೇಕು, ಛತ್ರಕ್ಕೆಲ್ಲ ಕೇಳಿಸಿತು.

"ವಸಿ ತಡೀರಿ ಅಯ್ನೋರೆ. ನಂದೂ ಸೇರ್ಸಿ ಎರ್ಕೋತಾ ಇವ್ನಿ."